ಐದು ಹಣದ ಮಡಚು ಚೂರಿ

ಹೊಂಗಲಗೇರಿ ಅಂತ ಒಂದು ರಾಜ್ಯ. ಆ ರಾಜ್ಯದ ಕೋಟೆ ಬಾಗಿಲ ಪಕ್ಕದಲ್ಲಿ ಒಬ್ಬ ಕಮ್ಮಾರ. ಹೆಸರು ಮೌನಾಚಾರಿ. ಹೆಸರಿಗಷ್ಟೇ ಮೌನ, ಬಾಯಿ ಮಾತ್ರ ಕುಲುಮೆಯ ತಿದಿಯ ಹಾಗೆ ಒಂದೇ ಸಮನೆ ಆಡುತ್ತಿತ್ತು. ಅವನು ಮಾಡುತ್ತಿದ್ದುದು ಒಂದೇ ಸಾಮಾನು, ಮಡಚು ಚೂರಿ. ಮರದ ಹಿಡಿ, ಉಕ್ಕಿನ ಅಲಗು, ಬೆನ್ನಿಗೊಂದು ಬಿಗಿಯಾದ ಪಟ್ಟಿ. ತೆರೆದರೆ ಟಕ್, ಮಡಚಿದರೆ ಟಕ್. ತೆರೆದ ಅಲಗು ತಾನಾಗಿ ಮಡಚಿಕೊಂಡು ಬೆರಳ ಮೇಲೆ ಬೀಳಬಾರದಲ್ಲ, ಆ ಪಟ್ಟಿ ಇರುವುದೇ ಅದಕ್ಕೆ. ಬೆಲೆ ಐದು ಹಣ. ಕೇಳಿದವರಿಗೂ ಐದು, ಚೌಕಾಶಿ ಮಾಡಿದವರಿಗೂ ಐದು.

ಆ ಊರಲ್ಲೊಂದು ಪದ್ಧತಿ ಇತ್ತು. ಚೂರಿ ಮಾರುವವನು ಅದನ್ನು ಸುಮ್ಮನೆ ಕೈಗೆ ಕೊಡುವಂತಿಲ್ಲ. ತಿನ್ನುವಂಥ ಏನನ್ನಾದರೂ ತನ್ನ ಅಂಗೈಯಲ್ಲೇ ಹಿಡಿದು, ಅದೇ ಚೂರಿಯಿಂದ ಹೆಚ್ಚಿ, ಕೊಂಡವರಿಗೆ ಒಂದು ಚೂರು ಕೊಡಬೇಕು. ಮೌನಾಚಾರಿ ಒಣಕೊಬ್ಬರಿ ಹೆಚ್ಚುತ್ತಿದ್ದ. ಕಲ್ಲಿನಂಥ ಕೊಬ್ಬರಿ ಅವನ ಅಂಗೈಯಲ್ಲಿ ಹೂವಿನೆಸಳಿನ ಹಾಗೆ ಬೀಳುತ್ತಿತ್ತು.

ಹೀಗಿರುವಾಗ ಆ ಊರಿಗೆ ಸಿಂಗಾರಪ್ಪ ಅಂತ ಒಬ್ಬ ವ್ಯಾಪಾರಿ ಬಂದ. ಬಂದವನು ಮೊದಲು ಮೌನಾಚಾರಿಯ ಹತ್ತಿರ ಒಂದು ಚೂರಿ ಕೊಂಡು, ತಿರುಗಿಸಿ ಮುರುಗಿಸಿ ನೋಡಿಕೊಂಡು ಹೋದ. ಆಮೇಲೆ ಎದುರುಗಡೆಯೇ ಅಂಗಡಿ ಹಾಕಿದ. ಅವನ ಹತ್ತಿರ ಮೂರು ಬಗೆ ಚೂರಿ. ಮರದ ಹಿಡಿಯದ್ದು ಒಂದು ಹಣ. ಹಿತ್ತಾಳೆ ಹಿಡಿಯದ್ದು ಮೂರು ಹಣ. ಬೆಳ್ಳಿ ಹೂವಿನ ಹಿಡಿಯದ್ದು ಹತ್ತು ಹಣ. ಒಳಗಿನ ಅಲಗು ಮಾತ್ರ ಮೂರಕ್ಕೂ ಒಂದೇ, ಕಾಯಿಸಿ ನೀರಿಗದ್ದಿ ಹದ ಮಾಡದ ತಗಡು. ಪದ್ಧತಿ ಮುರಿಯಬಾರದಲ್ಲ, ಅವನೂ ಅಂಗೈಯಲ್ಲಿ ಹೆಚ್ಚುತ್ತಿದ್ದ. ಏನನ್ನು? ಕಳಿತ ಬಾಳೆಹಣ್ಣನ್ನು!

ಜನ ಅತ್ತ ಮುಗಿಬಿದ್ದರು. ಮೌನಾಚಾರಿಯ ಕುಲುಮೆಯ ಮುಂದೆ ನೊಣ ಹಾರಾಡತೊಡಗಿತು.

ಕುರಿ ಕಾಯುವ ಸಣ್ಣವ್ವ ಅಂತ ಒಬ್ಬ ಮುದುಕಿ ಇದ್ದಳು. ಅವಳು ಒಂದು ಹಣ ಕೊಟ್ಟು ಮರದ ಹಿಡಿಯ ಚೂರಿ ಕೊಂಡಳು. ಜಾಲಿ ಮುಳ್ಳು ಸವರುವಾಗ ಅದು ಬಾಗಿತು. ಹಿಂದಕ್ಕೆ ತಂದಳು.

"ಅಜ್ಜಮ್ಮಾ, ಒಂದು ಹಣಕ್ಕೆ ಇನ್ನೇನು ಬರುತ್ತೆ? ಮೂರು ಹಣದ್ದು ತಗೋ" ಅಂದ ಸಿಂಗಾರಪ್ಪ.

ಸಣ್ಣವ್ವ ಹಿತ್ತಾಳೆಯದ್ದು ಕೊಂಡಳು. ಮರಿಯ ಗೊರಸು ಕೆತ್ತುವಾಗ ಅದರ ಮೊನೆ ಮುರಿಯಿತು. ಹಿಂದಕ್ಕೆ ತಂದಳು.

"ಮೂರು ಹಣದ್ದು ಅಷ್ಟೇ ಅಜ್ಜಮ್ಮಾ. ಒಳ್ಳೇದು ಬೇಕಂದ್ರೆ ಹತ್ತು ಹಣದ್ದು ತಗೋ."

"ಐದು ಹಣದ ಆಚಾರಿ ಚೂರಿಗಿಂತ ಹತ್ತು ಹಣದ್ದು ಎರಡರಷ್ಟು ಚೆನ್ನಾಗಿರ್ಲೇಬೇಕು" ಅಂತ ಲೆಕ್ಕ ಹಾಕಿದ ಸಣ್ಣವ್ವ ಒಂದು ಕುರಿ ಮಾರಿ ಬೆಳ್ಳಿಯದ್ದು ಕೊಂಡಳು. ಹಗ್ಗ ಕುಯ್ಯುವಾಗ ಅಲಗು ತಾನಾಗಿ ಮಡಚಿಕೊಂಡು ಅವಳ ಬೆರಳಿಗೇ ಬಿತ್ತು. ಅಯ್ಯೋ ಪಾಪ, ಬೆರಳು ಅರ್ಧ ಸೀಳಿತು. ಈ ಸಲ ಸಿಂಗಾರಪ್ಪ ಕೊಬ್ಬರಿ ಬೆಲ್ಲ ಅಗಿಯುತ್ತಾ, "ಹಿಡಿಯೋದಕ್ಕೆ ನಿನಗೆ ಬರಲ್ಲ" ಅಂದುಬಿಟ್ಟ.

ಅಷ್ಟರಲ್ಲಿ ರಾಜ ಡಂಗುರ ಹೊಡೆಸಿದ. "ಅರಮನೆಯ ಕುರಿಗಾಹಿಗಳಿಗೆಲ್ಲ ಚೂರಿ ಬೇಕು. ಯಾರ ಚೂರಿ ಒಪ್ಪಿಗೆಯಾಗುತ್ತೋ ಕೋಟೆ ಬಾಗಿಲ ಜಾಗ ಅವರಿಗೇ. ಇನ್ನೊಬ್ಬರು ಗಂಟುಮೂಟೆ ಕಟ್ಟಬೇಕು."

ಮೌನಾಚಾರಿ ತಿದಿ ಬಿಟ್ಟು ಕುಲುಮೆಯನ್ನೇ ನೋಡುತ್ತಾ ಕೂತ. ಅಜ್ಜನ ಕಾಲದ ಕುಲುಮೆ ಅದು. ಹೆಂಡತಿ ಈರಮ್ಮ, "ಏನೂಂದ್ರೆ, ನೀವೂ ಹದ ಹಾಕೋದು ಬಿಟ್ಟು ಒಂದು ಹಣಕ್ಕೆ ಮಾರಿ. ಕುಲುಮೆ ಉಳಿಯುತ್ತೆ" ಅಂದಳು. ಅವನು ಒಂದು ಅಲಗು ಕಾಯಿಸಿದ. ನೀರಿಗೆ ಅದ್ದದೆ ಹಾಗೇ ತಣಿಯಲು ಇಟ್ಟ. ಆದರೆ ಕೈ ಕೇಳಲಿಲ್ಲ. ಮತ್ತೆ ಕಾಯಿಸಿದ, ಚುಂಯ್ ಅಂತ ಅದ್ದಿದ, ಕೂತು ಅತ್ತ.

ಆಗ ಬೆರಳಿಗೆ ಬಟ್ಟೆ ಸುತ್ತಿಕೊಂಡ ಸಣ್ಣವ್ವ ಅಲ್ಲಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದಿಷ್ಟು ಕೊಬ್ಬರಿ ಚೂರು ತೋರಿಸಿದಳು. ಎಲೆಗಿಂತ ತೆಳ್ಳಗಿದ್ದವು.

"ಆಚಾರೀ, ಇವು ಸಿಂಗಾರಪ್ಪನ ಗಲ್ಲಾಪೆಟ್ಟಿಗೆ ಹತ್ರ ಬಿದ್ದಿದ್ವು. ಇಷ್ಟು ತೆಳ್ಳಗೆ ಹೆಚ್ಚೋ ಚೂರಿ ಯಾವುದು?"

"ನನ್ನದು ಬಿಟ್ಟು ಈ ರಾಜ್ಯದಲ್ಲಿ ಬೇರೆ ಯಾವುದಿದೆ?" ಅಂದ ಮೌನಾಚಾರಿ, ಅಳುವಿನಲ್ಲೂ ಜಂಬ ಬಿಡದೆ.

"ಹಾಗಾದ್ರೆ ಅಳ್ಬೇಡ. ನಾಳೆ ಸಭೇಲಿ ಬಾಯಿ ಮುಚ್ಕೊಂಡಿರು. ಅದೊಂದು ಮಾಡು ಸಾಕು."

ಮಾರನೆಯ ದಿನ ಸಭೆ ಕೂಡಿತು. ಸಿಂಗಾರಪ್ಪ ಬೆಳ್ಳಿ ಹಿಡಿಯ ಚೂರಿಗಳನ್ನು ರಾಜನ ಮುಂದೆ ರಾಶಿ ಹಾಕಿದ. ಪಕ್ಕದಲ್ಲಿ ಮೌನಾಚಾರಿಯ ಮರದ ಚೂರಿ ಬಡವನ ಹಾಗೆ ಕೂತಿತ್ತು. ರಾಜನ ಕಣ್ಣು ಬೆಳ್ಳಿಯ ಮೇಲೆಯೇ. "ಹತ್ತು ಹಣ ಅಂದ ಮೇಲೆ ಒಳ್ಳೆಯದೇ ಇರಬೇಕು" ಅಂದ. ಮೌನಾಚಾರಿಯ ನಾಲಿಗೆ ತುರಿಸಿತು. ಹಲ್ಲು ಕಚ್ಚಿಕೊಂಡು ನಿಂತ.

ಸಣ್ಣವ್ವ ಒಂದು ಗಿಟುಕು ಕೊಬ್ಬರಿ, ಒಂದು ಅಚ್ಚು ಬೆಲ್ಲ ಹಿಡಿದು ಮುಂದೆ ಬಂದಳು.

"ಬುದ್ಧೀ, ಶುಭಕಾರ್ಯ. ಎಲ್ಲರ ಬಾಯಿ ಸಿಹಿಯಾಗ್ಲಿ. ಸಾವ್ಕಾರ್ರೇ, ನನ್ನ ಬೆರಳು ಗಾಯ. ನೀವೇ ಒಂಚೂರು ಹೆಚ್ಚಿಕೊಡಿ."

ಗೆದ್ದ ಖುಷಿಯಲ್ಲಿದ್ದ ಸಿಂಗಾರಪ್ಪ ಕೊಬ್ಬರಿಯನ್ನು ಅಂಗೈಯಲ್ಲಿ ಹಿಡಿದ. ದಿನವೂ ಕೊಬ್ಬರಿ ಹೆಚ್ಚಿ ತಿನ್ನುವ ಅಭ್ಯಾಸವಲ್ಲವೇ, ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು. ಒಂದು ಚೂರಿ ತೆಗೆದ. ಟಕ್! ಸರಸರ ಹೆಚ್ಚಿ ರಾಜನಿಗೆ ಕೊಟ್ಟ, ಮಂತ್ರಿಗೆ ಕೊಟ್ಟ, ತಾನೂ ಬಾಯಿಗೆ ಹಾಕಿಕೊಂಡ.

ಆ 'ಟಕ್' ಕೇಳಿದ್ದೇ ತಡ, ಮೌನಾಚಾರಿ ತಟ್ಟನೆ ತಲೆಯೆತ್ತಿದ. ತನ್ನ ಮಗುವಿನ ದನಿ ಯಾರಿಗೆ ಗೊತ್ತಾಗುವುದಿಲ್ಲ?

"ಬುದ್ಧೀ" ಅಂದಳು ಸಣ್ಣವ್ವ, "ಹತ್ತು ಹಣದ ಚೂರಿ ಕಣ್ಣೆದುರಿಗೇ ರಾಶಿ ಬಿದ್ದಿದೆ. ಸಾವ್ಕಾರ್ರ ಕೈ ಸೊಂಟಕ್ಕೆ ಯಾಕೆ ಹೋಯ್ತು?"

ರಾಜ ಆ ಚೂರಿ ಇಸಿದುಕೊಂಡ. ಮರದ ಹಿಡಿ, ಉಕ್ಕಿನ ಅಲಗು. ಪಕ್ಕದಲ್ಲಿದ್ದ ಮೌನಾಚಾರಿಯ ಚೂರಿಯ ಜೊತೆ ಇಟ್ಟು ನೋಡಿದ. ಅಕ್ಕತಂಗಿಯರ ಹಾಗಿದ್ದವು.

"ಸಿಂಗಾರಪ್ಪ, ಈಗ ನಿನ್ನ ಬೆಳ್ಳಿ ಚೂರಿಯಿಂದ ಹೆಚ್ಚು. ನಿನ್ನ ಅಂಗೈಯಲ್ಲೇ."

ಸಿಂಗಾರಪ್ಪ ಬೆಳ್ಳಿ ಚೂರಿಯನ್ನು ಕೊಬ್ಬರಿಯ ಮೇಲಿಟ್ಟ. ಅಲಗು ಅತ್ತಿತ್ತ ಅಲ್ಲಾಡಿತು. ತನ್ನ ಬೆರಳು ನೋಡಿಕೊಂಡ. ಸಣ್ಣವ್ವನ ಬಟ್ಟೆ ಸುತ್ತಿದ ಬೆರಳು ನೋಡಿದ. ಚೂರಿ ಕೆಳಗಿಟ್ಟ.

"ಸ್ವಾಮೀ... ಒಂದು ಬಾಳೆಹಣ್ಣು ತರಿಸಿದ್ದರೆ..." ಅಂದ.

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ರಾಜ ಮಾತ್ರ ನಗಲಿಲ್ಲ. ಹೊಳಪು ನೋಡಿ ಬೆರಗಾಗಿದ್ದಕ್ಕೆ ಅವನಿಗೂ ನಾಚಿಕೆಯಾಗಿತ್ತು. ಸಣ್ಣವ್ವ ಕೊಂಡ ಮೂರು ಚೂರಿಯ, ಮಾರಿದ ಕುರಿಯ ಕಥೆಯನ್ನೆಲ್ಲ ಕೇಳಿಕೊಂಡ. "ಯಾರ್ಯಾರಿಗೆ ಮಾರಿದ್ದೀಯೋ ಅವರಿಗೆಲ್ಲ ಹಣ ವಾಪಸ್ಸು ಕೊಡು. ಅಜ್ಜಿ ಮಾರಿದ ಕುರಿಯನ್ನೂ ಬಿಡಿಸಿಕೊಡು. ಆಮೇಲೆ ಗಂಟು ಕಟ್ಟು" ಅಂದ. ಸಿಂಗಾರಪ್ಪ ಹಾಗೇ ಮಾಡಿ ಊರು ಬಿಟ್ಟ.

ಕುಲುಮೆ ಉಳಿಯಿತು. ಸಣ್ಣವ್ವ ಕುರಿ ಹೊಡೆದುಕೊಂಡು ಮೌನಾಚಾರಿಯ ಬಾಗಿಲಿಗೆ ಬಂದು, "ಆಚಾರೀ, ನನಗೊಂದು ಚೂರಿ ಕೊಡು. ಎಷ್ಟು?" ಅಂದಳು.

ಮೌನಾಚಾರಿ ಅವಳ ಕಾಲಿಗೆ ಬಿದ್ದ. ಕಣ್ಣೊರೆಸಿಕೊಂಡ. ಅಂಗೈಯಲ್ಲಿ ಕೊಬ್ಬರಿ ಹೆಚ್ಚಿ ಅವಳ ಬಾಯಿಗಿಟ್ಟ. ಆಮೇಲೆ ಹೇಳಿದ:

"ಐದು ಹಣ, ಸಣ್ಣವ್ವ."

ಅವಳು ನಗುತ್ತಾ ಐದು ಹಣ ಎಣಿಸಿಕೊಟ್ಟಳು. ಆ ಚೂರಿ ಅವಳ ಮೊಮ್ಮಕ್ಕಳ ಕಾಲಕ್ಕೂ ಟಕ್ ಅನ್ನುತ್ತಿತ್ತು.

ಕೇಳಿದಿರಾ ಮಕ್ಕಳೇ? ಅಗ್ಗ ಅಂತ ಹಿಗ್ಗಬೇಡಿ, ದುಬಾರಿ ಅಂತ ನಂಬಬೇಡಿ. ಒಂದು ವಸ್ತುವಿನ ಗುಣ ಅದರ ಬೆಲೆಯಲ್ಲೂ ಇಲ್ಲ, ಹೊಳಪಲ್ಲೂ ಇಲ್ಲ. ಮಾರುವವನು ತನಗೆ ಅಂತ ಸೊಂಟದಲ್ಲಿ ಯಾವುದನ್ನು ಇಟ್ಟುಕೊಂಡಿದ್ದಾನೆ, ಮೊದಲು ಅದನ್ನು ನೋಡಿ.