ಮಲಾರದ ಗಂಟು ಬಿಚ್ಚದ ಇಮಾಂಬವ್ವ

ಈ ಸೀಮೆಯಲ್ಲಿ ಕೂಸುಗಳನ್ನು ಸುಡುತ್ತಿದ್ದರು. ನಾಯಿಕೆಮ್ಮು ಹತ್ತಿದ ಹಸುಗೂಸಿನ ಹೊಟ್ಟೆಯ ಮೇಲೆ, ಒಲೆಯಲ್ಲಿ ಕೆಂಪಗೆ ಕಾಯಿಸಿದ ಬಳೆ ಚೂರಿನಿಂದ ಬರೆ ಎಳೆಯುತ್ತಿದ್ದರು. ಅದಕ್ಕೆ ಔಷಧ ಅಂತ ಹೆಸರಿಟ್ಟಿದ್ದರು. ಕೂಸು ಸತ್ತರೆ ಅದರ ಆಯುಷ್ಯವೇ ಅಷ್ಟು ಅನ್ನುತ್ತಿದ್ದರು. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಕೇಳುವುದಾದರೆ ಕೂತು ಕೇಳಿ.

ಬಹಳ ಹಿಂದೆ, ಹಳ್ಳಕ್ಕೆ ಸೇತುವೆ ಇಲ್ಲದ ಕಾಲದಲ್ಲಿ, ಕುಪ್ಪಿನಾಳ ಅನ್ನುವ ಒಂದು ಊರಿತ್ತು. ಆ ಊರಿಗೆ ಒಬ್ಬ ಬಳೆಗಾರ್ತಿ ಬರುತ್ತಿದ್ದಳು. ಹೆಸರು ಇಮಾಂಬಿ. ಊರಿನ ಹೆಂಗಸರಿಗೆ ಇಮಾಂಬವ್ವ. ಹೆಗಲ ಮೇಲೆ ಬಳೆಗಳ ಮಲಾರ ಹೊತ್ತು, ಹಳ್ಳ ದಾಟಿ ಬಂದು, ಕಟ್ಟೆಯ ಮೇಲೆ ಕೂತು ಮಲಾರದ ಗಂಟು ಬಿಚ್ಚಿದಳೆಂದರೆ ಮೂರೂ ಓಣಿಯ ಹೆಂಗಸರು ಕೈತೊಳೆದು ಬರುತ್ತಿದ್ದರು.

ಅವಳ ಕೈಗುಣ ದೊಡ್ಡದು ಅಂತಾರೆ. ಕೈ ಮುಟ್ಟಿ ನೋಡದೆ, ನೆರಳು ನೋಡಿ ಬಳೆಯ ಅಳತೆ ಹೇಳುತ್ತಿದ್ದಳು ಅಂತಾರೆ. ಅವಳು ಹಿಡಿದು ಒತ್ತಿದರೆ ಮುಂಗೈ ಎಲುಬು ನಾದಿದ ಹಿಟ್ಟಿನ ಹಾಗೆ ಮೆತ್ತಗಾಗುತ್ತಿತ್ತು ಅಂತಾರೆ. ಹಳ್ಳ ತುಂಬಿ ಹರಿಯುವಾಗ ಮಲಾರವನ್ನು ತಲೆಯ ಮೇಲಿಟ್ಟು ಈಜಿ ಬಂದಳು, ಒಂದು ಬಳೆಯೂ ನೆನೆಯಲಿಲ್ಲ ಅಂತಾರೆ. ಇದು ಸ್ವಲ್ಪ ಹೆಚ್ಚಾಯಿತು ಅಂತ ನನಗೂ ಗೊತ್ತು. ಆದರೆ ಅವಳ ವಿಷಯದಲ್ಲಿ ಹೆಚ್ಚು ಹೇಳುವುದಕ್ಕೆ ಊರಿಗೆ ಹಕ್ಕಿದೆ.

ಎಷ್ಟೇ ಕೈಗುಣ ಇದ್ದರೂ ಬಳೆ ಅಂದಮೇಲೆ ಒಡೆಯುತ್ತದೆ. ಒಡೆದ ಚೂರುಗಳನ್ನು ಹೆಂಗಸರು ಆರಿಸಿ ಸೆರಗಿಗೆ ಹಾಕಿಕೊಂಡು ಹೋಗುತ್ತಿದ್ದರು. ಹುಡುಗಿಯರ ಆಟಕ್ಕೆ ಇರಬೇಕು ಅಂತ ಇಮಾಂಬವ್ವ ತಿಳಿದಿದ್ದಳಂತೆ.

ಒಂದು ಚಳಿಗಾಲ ನಾಯಿಕೆಮ್ಮು ಬಂತು. ನೋಡದವರಿಗೆ ಹೇಳುತ್ತೇನೆ. ಕೂಸು ಕೆಮ್ಮಲು ಸುರು ಮಾಡಿದರೆ ನಿಲ್ಲಿಸುವುದಿಲ್ಲ. ಉಸಿರು ಖಾಲಿಯಾಗುವವರೆಗೆ ಕೆಮ್ಮುತ್ತದೆ. ಕೊನೆಗೆ ಊಳಿಟ್ಟ ಹಾಗೆ ಉಸಿರೆಳೆಯುತ್ತದೆ. ಮುಖ ನೀಲಿಯಾಗುತ್ತದೆ. ಕುಡಿದ ಹಾಲೆಲ್ಲ ಕಾರಿಕೊಳ್ಳುತ್ತದೆ. ತೀರಾ ಎಳೆಯ ಕೂಸಿಗೆ ಕೆಮ್ಮಲಿಕ್ಕೂ ತ್ರಾಣ ಇರುವುದಿಲ್ಲ. ಅದು ಸುಮ್ಮನೆ ಉಸಿರು ನಿಲ್ಲಿಸುತ್ತದೆ.

ಆ ಚಳಿಗಾಲ ಇಮಾಂಬವ್ವ ಫಕೀರವ್ವ ಅನ್ನುವ ಬಾಣಂತಿಯ ಮನೆಗೆ ಬಳೆ ಇಡಿಸಲು ಹೋದಳು. ಫಕೀರವ್ವನ ಮಡಿಲಲ್ಲಿದ್ದ ಕೂಸು ಆಗಷ್ಟೇ ಪ್ರಾಣ ಬಿಟ್ಟಿತ್ತು. ಅದರ ಹೊಟ್ಟೆಯ ಮೇಲೆ ಬಾಗಿದ ಸುಟ್ಟ ಗಾಯ. ಒಲೆಯ ಬದಿಗೆ ಹಸಿರು ಚೂರು. ಹಿಂದಿನ ಸಲ ಫಕೀರವ್ವನ ಕೈಗೆ ಇಡಿಸುವಾಗ ಒಡೆದ ಬಳೆ ಅದು. ಇಮಾಂಬವ್ವನಿಗೆ ಗುರುತು ಸಿಕ್ಕಿತು.

ಫಕೀರವ್ವ ಅಳಲಿಲ್ಲವಂತೆ. ಒಂದೇ ಒಂದು ಮಾತು ಕೇಳಿದಳಂತೆ.

"ಚೂರು ಇನ್ನೊಂದೀಟು ಕಾಸಬೇಕಿತ್ತೇನ ಇಮಾಂಬವ್ವಾ?"

ಆ ಮಾತು ಇಮಾಂಬವ್ವನನ್ನು ಮನೆಗೆ ಹೋಗಲು ಬಿಡಲಿಲ್ಲ ಅಂತಾರೆ. ಊರ ಹೊರಗೆ ಬೇವಿನ ಗಿಡದ ಕೆಳಗೆ ಒಬ್ಬ ನರ್ಸಬಾಯಿ ಮಂಜುಗಡ್ಡೆಯ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ನಾಯಿಕೆಮ್ಮು ಬಾರದ ಹಾಗೆ ಕೂಸುಗಳಿಗೆ ಸೂಜಿ ಹಾಕಲು ತಿಂಗಳಿಗೊಮ್ಮೆ ಬರುತ್ತಿದ್ದಳು, ಯಾರೂ ಹತ್ತಿರ ಸುಳಿಯದೆ ತಿರುಗಿ ಹೋಗುತ್ತಿದ್ದಳು. ಸೂಜಿ ಹಾಕಿಸಿದರೆ ಕೂಸಿಗೆ ಜ್ವರ ಬರುತ್ತದೆ, ತೊಡೆ ಬಾಯುತ್ತದೆ, ಕೂಸುಗಳನ್ನು ಕೊಲ್ಲಲು ಸರ್ಕಾರವೇ ಅವಳನ್ನು ಕಳಿಸಿದೆ ಅಂತ ಊರಲ್ಲಿ ಮಾತಿತ್ತು. ಇಮಾಂಬವ್ವ ಹೋಗಿ ಎದುರಿಗೆ ಕೂತು ಎಲ್ಲ ಕೇಳಿದಳು. ನರ್ಸಬಾಯಿ ಮುಚ್ಚಿಡಲಿಲ್ಲ. ಜ್ವರ ಬರುವುದುಂಟು, ತೊಡೆ ಬಾಯುವುದುಂಟು, ಎರಡೂ ಇಳಿಯುತ್ತವೆ ಅಂದಳು. ಕೆಮ್ಮು ಬಂದಮೇಲೆ ಹಾಕಿಸಿ ಉಪಯೋಗವಿಲ್ಲ, ಬರುವ ಮೊದಲೇ ಹಾಕಿಸಬೇಕು ಅಂದಳು. ಒಂದು ಸೂಜಿಗೆ ಮುಗಿಯುವುದಿಲ್ಲ, ಕರೆದಾಗೆಲ್ಲ ಬರಬೇಕು ಅಂದಳು.

ಇಮಾಂಬವ್ವ ಎದ್ದು ಮಲಾರ ಹೊತ್ತು ಊರೊಳಗೆ ಹೋದಳು. ಕಟ್ಟೆಯ ಮೇಲೆ ನಿಂತು ಹೇಳಿದಳು: ಸೂಜಿ ಹಾಕಿಸದ ಮನೆಯ ಕೈಗೆ ನನ್ನ ಬಳೆ ಇಲ್ಲ.

ನಕ್ಕರಂತೆ. ಬಳೆಗಾರ್ತಿಗೆ ಬಿಸಿಲು ತಲೆಗೇರಿದೆ ಅಂದರಂತೆ.

ಆದರೆ ಗೌಡರ ಮನೆಯಲ್ಲಿ ಸೊಸೆ ಬಸಲಿಂಗವ್ವನಿಗೆ ಕುಬಸ, ಅಂದರೆ ಸೀಮಂತ, ಇತ್ತು. ಚೊಚ್ಚಿಲ ಬಸುರಿ. ಹಸಿರು ಬಳೆ ಇಡಿಸದೆ ಕುಬಸ ಆಗುವುದಿಲ್ಲ. ಕರೆಸಿದರು, ಇಮಾಂಬವ್ವ ಬಂದಳು. ಬಂದು ಕೂತಳು, ಮಲಾರದ ಗಂಟು ಬಿಚ್ಚಲಿಲ್ಲ. ಹುಟ್ಟುವ ಕೂಸಿಗೆ ಸೂಜಿ ಹಾಕಿಸುತ್ತೇವೆ ಅಂತ ಮಾತು ಕೊಡಿ, ಬಿಚ್ಚುತ್ತೇನೆ ಅಂದಳು.

"ಬಳಿ ಮಾರಾಕಿಗೆ ಡಾಕ್ಟರಕಿ ಯಾವಾಗ ಬಂತು?" ಅಂದಳು ಅತ್ತೆ ಗೌಡಸಾನಿ.

"ಕೂಸು ಸುಡಾಕ ನನ್ನ ಬಳಿ ಬೇಕಾತು ಗೌಡಸಾನಿ. ಉಳಸಾಕ ನನ್ನ ಮಾತು ಬ್ಯಾಡೇನ?"

ಹಾಗೆ ಗೌಡಸಾನಿಗೆ ಎದುರು ಮಾತಾಡಿದವರು ಅದಕ್ಕೆ ಮೊದಲು ಇರಲಿಲ್ಲ ಅಂತಾರೆ. ಗೌಡ ಅವಳನ್ನು ಎಬ್ಬಿಸಿ ಕಳಿಸಿದ. ಬೇರೆ ಬಳೆಗಾರರನ್ನು ಕರೆತರಲು ಆಳು ಅಟ್ಟಿದ. ಆಳು ಸುತ್ತಿನ ಊರೆಲ್ಲ ಸುತ್ತಿ ಬರಿಗೈಲಿ ಬಂದ. ಇಮಾಂಬವ್ವ ಅಷ್ಟರಲ್ಲಿ ಸಂತೆಗೆ ಹೋಗಿ, ಎಲ್ಲ ಬಳೆಗಾರರ ಮುಂದೆ ಫಕೀರವ್ವನ ಮಾತನ್ನು ಇದ್ದ ಹಾಗೆ ಹೇಳಿದ್ದಳು. ಬಳೆಗಾರರು ಕುಪ್ಪಿನಾಳಕ್ಕೆ ಹೋಗುವುದಿಲ್ಲ ಅಂತ ಆಣೆ ಮಾಡಿದ್ದರು. ಓದು ಬರಹ ಇಲ್ಲದ, ಸಂಘ ಅನ್ನುವ ಶಬ್ದ ಕೇಳದ ಜನ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಒಂದಾಗಿ ನಿಂತರು. ಎದೆಯುಬ್ಬಿಸಿ ಹೇಳುವ ಮಾತಿದು.

ಕುಬಸದ ದಿನ ಬಂತು. ಬಸಲಿಂಗವ್ವ ಹೊಸ ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು, ಆರತಿ ತಟ್ಟೆ ಸಿದ್ಧವಿತ್ತು, ಬಳೆ ಇರಲಿಲ್ಲ. ಬಸಲಿಂಗವ್ವ ಎದ್ದಳು. ಅತ್ತೆ ಕೂಡು ಅಂದರೂ ಕೂಡಲಿಲ್ಲ. ತುಂಬಿದ ಬಸುರಿ ಬಿಸಿಲಲ್ಲಿ ನಡೆದು, ಹಳ್ಳ ದಾಟಿ, ಇಮಾಂಬವ್ವನ ಅಂಗಳದಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿದಳು.

"ಕೂಸು ನಂದು. ಮಾತು ನಾ ಕೊಡತೀನಿ," ಅಂದಳು.

ಆಗ ಬಿಚ್ಚಿತು ಗಂಟು. ಆ ದಿನ ಇಡಿಸಿದ ಬಳೆಗಳ ಸದ್ದು ಕುಪ್ಪಿನಾಳದವರೆಗೆ ಕೇಳಿತು ಅಂತಾರೆ.

ಗಂಡು ಕೂಸು ಹುಟ್ಟಿತು. ಬಸಲಿಂಗವ್ವ ಮಾತು ತಪ್ಪಲಿಲ್ಲ. ಸೂಜಿ ಹಾಕಿಸಿದ ಸಂಜೆ ಕೂಸಿನ ಮೈ ಬಿಸಿಯಾಯಿತು, ತೊಡೆ ಬಾತುಕೊಂಡಿತು. ಸುದ್ದಿ ಕೇಳಿ ಇಮಾಂಬವ್ವ ಬಂದಳು. ಗೌಡ ಬಾಗಿಲಲ್ಲಿ ನಿಂತು, ಕೂಸಿಗೆ ಏನಾದರೂ ಆದರೆ ಆ ಮಲಾರದ ಜೊತೆ ನಿನ್ನನ್ನೂ ಸುಡುತ್ತೇನೆ ಅಂತ ಇಮಾಂಬವ್ವನಿಗೆ ಹೇಳಿದ. ಅವಳು ಓಡಲಿಲ್ಲ. ಬಸಲಿಂಗವ್ವನ ಪಕ್ಕ ಕೂತು, ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸಿದಳು. ಜ್ವರ ಇಳಿಯಿತು. ಕೂಸು ಮೊಲೆಗೆ ಬಾಯಿ ಹಾಕಿತು. ಗೌಡ ಒಳಗೆ ಹೋದ. ಆಮೇಲೆ ನರ್ಸಬಾಯಿ ಕರೆದಾಗೆಲ್ಲ ಬಸಲಿಂಗವ್ವ ಕೂಸನ್ನು ಎತ್ತಿಕೊಂಡು ಹೋದಳು.

ಮುಂದಿನ ಚಳಿಗಾಲ ನಾಯಿಕೆಮ್ಮು ಮತ್ತೆ ಬಂತು. ಗೌಡರ ಓಣಿಯಲ್ಲೇ ತೊಟ್ಟಿಲುಗಳು ಬರಿದಾದವು. ಎಡ ಮನೆಯಲ್ಲಿ ಕೆಮ್ಮು, ಬಲ ಮನೆಯಲ್ಲಿ ಕೆಮ್ಮು. ಬಸಲಿಂಗವ್ವನ ಮಗ ನಡುವೆ ಅಂಬೆಗಾಲಿಟ್ಟು ಆಡುತ್ತಿದ್ದ. ಊರು ಕಣ್ಣಾರೆ ಕಂಡಿತು.

ಆಮೇಲೆ ಬೇವಿನ ಗಿಡದ ಕೆಳಗೆ ಜಾಗ ಸಾಲಲಿಲ್ಲ ಅಂತಾರೆ. ಹೊಸದಾಗಿ ಬಸುರಾದ ಫಕೀರವ್ವ ಎಲ್ಲರಿಗಿಂತ ಮೊದಲು ಬಂದು, ಹುಟ್ಟುವ ಕೂಸಿನ ಹೆಸರಲ್ಲಿ ಜಾಗ ಹಿಡಿದು ಕೂತಳು ಅಂತಾರೆ. ಇಮಾಂಬವ್ವ ತೊಡೆ ಹಿಡಿದರೆ ಕೂಸಿಗೆ ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ ಅಂತಾರೆ. ಇದೂ ಹೆಚ್ಚಾಯಿತು. ಇರಲಿ, ಅವಳಿಗೆ ಸಲ್ಲುತ್ತದೆ.

ಇವತ್ತಿಗೂ ಕುಪ್ಪಿನಾಳದಲ್ಲಿ ಕುಬಸದ ದಿನ ಬಳೆಗಾರ್ತಿ ಬಂದು ಕೂತರೆ ತಾನಾಗಿ ಗಂಟು ಬಿಚ್ಚುವುದಿಲ್ಲ. ಬಸುರಿ ಮಲಾರ ಮುಟ್ಟಿ, ಎಲ್ಲರಿಗೂ ಕೇಳುವ ಹಾಗೆ, ಸೂಜಿ ಹಾಕಿಸುತ್ತೇನೆ ಅನ್ನಬೇಕು. ಅತ್ತೆ ಅಂದರೆ ನಡೆಯುವುದಿಲ್ಲ, ಗಂಡ ಅಂದರೆ ನಡೆಯುವುದಿಲ್ಲ. ಅವಳೇ ಅನ್ನಬೇಕು. ಅಂದಮೇಲೆ ಹಿರಿಯ ಮುತ್ತೈದೆಯರು ಇಮಾಂಬವ್ವನ ಹೆಸರು ಹೇಳಿ ಆರತಿ ಎತ್ತುತ್ತಾರೆ.

ನಿಮ್ಮ ಊರಿನಲ್ಲಿ ಬಳೆಗಾರ್ತಿ ಬರುವವರೆಗೆ ಕಾಯಬೇಡಿ. ಮನೆಯಲ್ಲಿ ಕೂಸಿದ್ದರೆ ಎತ್ತಿಕೊಳ್ಳಿ. ಒಂದು ಸೂಜಿ ತಪ್ಪಿದ್ದರೂ ಇವತ್ತೇ ಆಸ್ಪತ್ರೆಗೆ ಹೋಗಿ ಕೇಳಿ, ಹಾಕಿಸಿ. ಪಕ್ಕದ ಮನೆಯವರು ಹಿಂದೆ ಮುಂದೆ ನೋಡುತ್ತಿದ್ದರೆ ಅವರ ಕೂಸನ್ನೂ ಅವರನ್ನೂ ಕರೆದುಕೊಂಡು ಹೋಗಿ. ಏಳಿ.