ಹಗ್ಗದ ಮೇಲಿನ ಕೈ

"ಗುರುಗಳೇ, ನಾಳೆ ಹೊರಟರೆ ಇನ್ನು ನಾನು ಹತ್ತು ದಿನದ ದಾರಿಯಾಚೆ ಇರುತ್ತೇನೆ. ನಾನು ಎದ್ದೆನೋ ಬಿದ್ದೆನೋ ನಿಮಗೆ ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ. ದೂರದ ಊರಿನ ಮಠವನ್ನು ನಡೆಸಲು ಗುರುಗಳೇ ಅವನನ್ನು ಕಳುಹಿಸುತ್ತಿದ್ದರು. ಅವನಿಗೆ ಹೋಗಲು ಮನಸ್ಸಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ಸೈನ್ಯಗಳು ಬೀಡುಬಿಟ್ಟಿದ್ದವು. ಈಚೆ ದಡದ ಸೇನಾಪತಿಯ ಬಳಿ ದೊಡ್ಡದೊಂದು ಬಲೂನು ಇತ್ತು. ಅದರ ಕೆಳಗೆ ಕಟ್ಟಿದ ಬುಟ್ಟಿಯಲ್ಲಿ ಒಬ್ಬ ಬೇಹುಗಾರ ದುರ್ಬೀನು ಹಿಡಿದು ಮೇಲೇರುತ್ತಿದ್ದ. ಶತ್ರುಗಳ ಕುದುರೆ ಎಷ್ಟು, ಫಿರಂಗಿ ಎತ್ತ ಹೊರಟಿತು ಎಂದು ಚೀಟಿ ಬರೆದು, ಕಲ್ಲಿಗೆ ಕಟ್ಟಿ ಕೆಳಗೆ ಎಸೆಯುತ್ತಿದ್ದ. ಬಲೂನು ಹಾರಿಹೋಗದಂತೆ ಹಿಡಿದದ್ದು ಒಂದೇ ಹಗ್ಗ. ಅದನ್ನು ಬಿಡುವ, ಎಳೆಯುವ ಆಳುಗಳಿಗೆ ವಯಸ್ಸಾದ ಒಬ್ಬ ಅಂಬಿಗ ಯಜಮಾನ. ದೋಣಿಯ ಹಗ್ಗ ಹಿಡಿದೇ ಬದುಕಿದವನು. ಬಲೂನು ಮೇಲಿದ್ದಷ್ಟು ಹೊತ್ತೂ ಅವನ ಅಂಗೈ ಹಗ್ಗದ ಮೇಲಿರುತ್ತಿತ್ತು.

ಬೇಹುಗಾರನಿಗೆ ತನ್ನ ಕಣ್ಣಿನ ಬಗ್ಗೆ ಬಹಳ ಹೆಮ್ಮೆ. ಬುಟ್ಟಿ ಇಳಿದೊಡನೆ ಅಂಬಿಗ, ಊಟ ಮಾಡಿದಿರಾ, ಮೇಲೆ ಚಳಿಯಿತ್ತೇ ಎಂದು ವಿಚಾರಿಸುತ್ತಿದ್ದ. ಹತ್ತು ಹರದಾರಿ ನೋಡಿ ಬಂದವನಿಗೆ ಅದು ಬರೀ ಕಿರಿಕಿರಿ. ಉತ್ತರ ಕೊಡದೆ ಸೇನಾಪತಿಯ ಡೇರೆಗೆ ನಡೆಯುತ್ತಿದ್ದ.

ಒಂದು ಬೆಳಗ್ಗೆ ಮೈ ಸುಡುತ್ತಿದ್ದರೂ ಯಾರಿಗೂ ಹೇಳದೆ ಬುಟ್ಟಿ ಹತ್ತಿದ. ಅಂದು ಶತ್ರು ಹೊಳೆ ದಾಟಬಹುದೆಂಬ ಸುಳಿವಿತ್ತು. ಮೇಲೆ ಹೋದ ಮೇಲೆ ಕಣ್ಣು ಕತ್ತಲಿಟ್ಟಿತು. ಕೂಗಲು ದನಿ ಹೊರಡಲಿಲ್ಲ. ಬುಟ್ಟಿಯೊಳಗೇ ಕುಸಿದ. ನೆಲದ ಮೇಲಿದ್ದವರಿಗೆ ಕಾಣುತ್ತಿದ್ದುದು ಬುಟ್ಟಿಯ ತಳ ಮಾತ್ರ.

ಹೊತ್ತೇರಿದರೂ ಚೀಟಿ ಬೀಳಲಿಲ್ಲ. ಶತ್ರು ಇನ್ನೂ ಕದಲಿಲ್ಲವೆಂದು ಸೇನಾಪತಿ ಎಣಿಸಿದ. ಅಂಬಿಗ ಬಂದು, ಬಲೂನನ್ನು ಈಗಲೇ ಇಳಿಸಬೇಕು ಎಂದ. ಇಂದು ಅದನ್ನು ಇಳಿಸಿದವನ ತಲೆ ಉಳಿಯದು ಎಂದು ಸೇನಾಪತಿ ಗದರಿದ. ಅಂಬಿಗ ಹೋಗಿ ಹಗ್ಗ ಎಳೆಯತೊಡಗಿದ. ಆಳುಗಳು ಹೆದರಿ ನಿಂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಹಗ್ಗಕ್ಕೆ ಕೈ ಹಾಕಿದರು.

ಕತ್ತಿ ಹಿರಿದು ಬಂದ ಸೇನಾಪತಿ ಬುಟ್ಟಿಯೊಳಗೆ ಬಗ್ಗಿ ನೋಡಿದ. ಕತ್ತಿಯನ್ನು ಒರೆಗೆ ಸೇರಿಸಿದ. ಇನ್ನೊಬ್ಬನನ್ನು ಏರಿಸಿದಾಗ ಶತ್ರುಗಳು ಆಗಲೇ ಹೊಳೆಗೆ ಇಳಿದಿದ್ದರು. ಸೈನ್ಯ ಬಹಳ ಕಷ್ಟಪಟ್ಟು ದಡ ಉಳಿಸಿಕೊಂಡಿತು.

ನಾಲ್ಕನೆಯ ದಿನ ಬೇಹುಗಾರ ಕಣ್ಣು ತೆರೆದ. ಅಂಬಿಗ ಪಕ್ಕದಲ್ಲಿ ಕೂತು ಗಂಜಿ ಆರಿಸುತ್ತಿದ್ದ.

"ನಾನು ಕೂಗಲೇ ಇಲ್ಲ. ನಿನಗೆ ಹೇಗೆ ತಿಳಿಯಿತು, ಅಜ್ಜ?"

"ನೀವು ಈ ಕಡೆಯಿಂದ ಆ ಕಡೆಗೆ ತಿರುಗಿದಾಗಲೆಲ್ಲ ಹಗ್ಗ ಒಂದಿಷ್ಟು ಅದುರುತ್ತದೆ, ಅಪ್ಪಾ. ಅವತ್ತು ಅದುರಲಿಲ್ಲ."

ಬೇಹುಗಾರ ಆ ಕೈಯನ್ನು ಹಿಡಿದುಕೊಂಡ. ಅಂಗೈಯೆಲ್ಲ ಹಗ್ಗ ಉಜ್ಜಿ ಜಡ್ಡುಗಟ್ಟಿತ್ತು. ಇಷ್ಟು ದಿನ ತಾನು ಅದನ್ನು ನೋಡಿಯೇ ಇರಲಿಲ್ಲವೆಂಬುದು ಆಗ ಅವನಿಗೆ ಹೊಳೆಯಿತು.

ಕತೆ ಕೇಳಿ ಶಿಷ್ಯನ ಮುಖ ಅರಳಿತು. ತನ್ನ ಹಗ್ಗ ಗುರುಗಳ ಕೈಯಲ್ಲಿರುವಾಗ ತನಗೇನು ಭಯ, ನಿಶ್ಚಿಂತೆಯಿಂದ ಹೊರಡುತ್ತೇನೆ ಎಂದ.

ಗುರುಗಳು ಅವನ ತಲೆ ಸವರಿದರು.

"ನಿನ್ನನ್ನು ಕಳುಹಿಸುತ್ತಿರುವುದು ಬುಟ್ಟಿ ಏರುವುದಕ್ಕಲ್ಲ ಮಗು, ಹಗ್ಗ ಹಿಡಿಯುವುದಕ್ಕೆ."