ಆಚೆ ತುದಿ ಹಿಡಿದವರು

"ಗುರುಗಳೇ, ಇಷ್ಟು ವರ್ಷ ಓದಿದ್ದು ನಾನು, ಜಪ ಮಾಡಿದ್ದು ನಾನು, ನಿದ್ದೆಗೆಟ್ಟಿದ್ದು ನಾನು. ಯಾರ ಹಂಗೂ ಇಲ್ಲದೆ ಇಲ್ಲಿಯವರೆಗೆ ಬಂದಿದ್ದೇನೆ. ಮುಂದಿನ ದಾರಿಗೆ ಈ ಮಠ, ಈ ಜನ, ಈ ಗದ್ದಲ ಏಕೆ ಬೇಕು? ನಾನೊಬ್ಬನೇ ಹೊರಟುಹೋದರೆ ತಪ್ಪೇನು?"

ಹೀಗೆ ಕೇಳಿದವನು ಚಿದಂಬರ. ಮಠದ ಶಿಷ್ಯರಲ್ಲಿ ಅವನಷ್ಟು ಓದಿದವನು ಇನ್ನೊಬ್ಬನಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಬಟ್ಟೆಯ ಗಂಟನ್ನು ಆಗಲೇ ಕಟ್ಟಿಟ್ಟು ಬಂದಿದ್ದ. ಗುರುಗಳು ಹೂಂ ಎಂದರೆ ಆ ಸಂಜೆಯೇ ಹೊರಡುವವನು.

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ಹೋಗುವವನನ್ನು ನಾನೇಕೆ ಹಿಡಿಯಲಿ? ಒಬ್ಬ ಬಡಗಿ ಗರಗಸ ಕೊಂಡ ಕತೆಯೊಂದಿದೆ, ಕೇಳಿಸಿಕೊಂಡು ಹೋಗು" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಕಪಾಟು, ಮಂಚ, ಅಡುಗೆಮನೆಯ ಗೂಡು ಎಲ್ಲವನ್ನೂ ಪ್ಲೈವುಡ್ಡಿನಲ್ಲಿ ಮಾಡಿಕೊಡುತ್ತಿದ್ದ. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಾಳೆಗಳನ್ನು ಕೈಗರಗಸದಲ್ಲಿ ಕೊಯ್ದು ಕೊಯ್ದು ಅವನ ತೋಳು ಸೋತಿತ್ತು. ಮೇಜಿನ ನಡುವೆ ಬ್ಲೇಡು ತಿರುಗುವಂಥ ಮಿಷಿನ್ನು ತರಬೇಕೆಂದು ಪೇಟೆಗೆ ಹೋದ.

ವ್ಯಾಪಾರಿ ಎರಡು ಮಿಷಿನ್ನು ತೋರಿಸಿದ. ಬೆಲೆ ಹೆಚ್ಚುಕಡಿಮೆ ಒಂದೇ. ಒಂದರ ಮೋಟಾರು ಸಾಧಾರಣದ್ದು. ಆದರೆ ಮೇಜು ಅಗಲ, ಕೊಯ್ದ ಹಾಳೆ ಬಂದು ಮಲಗಲು ಹಿಂದೆಯೂ ಒಂದು ಉದ್ದನೆಯ ಹಲಗೆ. ಇನ್ನೊಂದರ ಮೇಜು ಊಟಕ್ಕೆ ಕೂರುವ ಮಣೆಯಷ್ಟೇ, ಮೋಟಾರು ಮಾತ್ರ ಹುಲಿ. ಬಡಗಿ ಹುಲಿಯ ಮುಂದೆಯೇ ನಿಂತುಬಿಟ್ಟ.

"ಆಚಾರ್ರೇ, ನೀವು ಕೊಯ್ಯೋದು ದೊಡ್ಡ ಹಾಳೆ. ಬ್ಲೇಡು ದಾಟಿದ ಮೇಲೆ ಆಚೆ ತುದೀನ ಯಾರು ಹಿಡೀತಾರೆ?" ಎಂದು ವ್ಯಾಪಾರಿ ಕೇಳಿದ.

"ಯಾರೂ ಬೇಡ ಸಾವ್ಕಾರ್ರೇ, ನಾನೊಬ್ಬನೇ ಮಾಡ್ಕೋತೀನಿ. ಮನೇಲಿ ಹೆಂಡ್ತಿ ಇದ್ದಾಳಲ್ಲ, ಸಾಕು."

ಯಾರೂ ಬೇಡ ಅಂದವನೂ ಅವನೇ, ಹೆಂಡತಿ ಇದ್ದಾಳೆ ಅಂದವನೂ ಅವನೇ. ತಾನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ವ್ಯಾಪಾರಿಯ ಕಿವಿಗೆ ಬಿದ್ದಿತ್ತು, ಆದರೆ ಅವನು ವ್ಯಾಪಾರಿ, ಸುಮ್ಮನೆ ಮಿಷಿನ್ನು ಕಟ್ಟಿಸಿಕೊಟ್ಟ.

ಮಿಷಿನ್ನು ಮನೆಗೆ ಬಂತು. ಬಡಗಿ ಈಚೆಯಿಂದ ಹಾಳೆ ನೂಕುವನು, ಹೆಂಡತಿ ಒಲೆಯ ಉರಿ ತಗ್ಗಿಸಿ ಬಂದು ಆಚೆ ನಿಲ್ಲುವಳು. ಬ್ಲೇಡು ದಾಟಿ ಬಂದ ಭಾರವನ್ನು ಎರಡೂ ಮುಂಗೈಗಳ ಮೇಲೆ ತೆಗೆದುಕೊಂಡು, ಮೇಜಿನ ಮಟ್ಟಕ್ಕೆ ಅಲುಗದಂತೆ ಹಿಡಿಯುವಳು. ಮರದ ಪುಡಿಯೆಲ್ಲ ಅವಳ ಮುಖಕ್ಕೇ. ಕೊಯ್ತ ಮಾತ್ರ ದಾರ ಹಿಡಿದಂತೆ ನೆಟ್ಟಗೆ ಬರುತ್ತಿತ್ತು. ಊರಿನವರು ಬಡಗಿಯ ಕೈಗುಣವನ್ನು ಹೊಗಳಿದರು. ಬಡಗಿ ಮಿಷಿನ್ನನ್ನು ಹೊಗಳಿದ.

ಒಮ್ಮೆ ಹೆಂಡತಿ ತಂಗಿಯ ಸೀಮಂತಕ್ಕೆಂದು ತವರಿಗೆ ಹೋದಳು. ಕಾಫಿಯನ್ನು ತಾನೇ ಕಾಸಿಕೊಳ್ಳಬೇಕಲ್ಲ ಎಂಬ ಬೇಸರ ಬಿಟ್ಟರೆ ಬಡಗಿಗೆ ಬೇರೇನೂ ಅನ್ನಿಸಲಿಲ್ಲ. ಎಂದಿನಂತೆ ಮಿಷಿನ್ನು ಹಾಕಿ ಹಾಳೆ ನೂಕಿದ. ಹಾಳೆ ಅರ್ಧಕ್ಕಿಂತ ಹೆಚ್ಚು ದಾಟಿತು. ಆಚೆಯ ತುದಿ ತನ್ನ ಭಾರಕ್ಕೆ ಕೆಳಗೆ ಬಾಗಿತು, ಈಚೆಯದು ಮೇಲೆದ್ದಿತು, ಕೊಯ್ದ ಸೀಳು ಬ್ಲೇಡನ್ನು ಕಚ್ಚಿ ಹಿಡಿಯಿತು. ಹುಲಿಯಂಥ ಮೋಟಾರು ಸುಮ್ಮನಿರುತ್ತದೆಯೇ? ಇಡೀ ಹಾಳೆಯನ್ನು ಎತ್ತಿ ಬಡಗಿಯ ಎದೆಗೆ ಒಗೆಯಿತು. ಏನಾಯಿತೆಂದು ತಿಳಿಯುವ ಮೊದಲೇ ಅವನು ಗೋಡೆಯ ಬುಡದಲ್ಲಿ ಬಿದ್ದಿದ್ದ. ಉಸಿರು ಒಳಗೆ ಹೋಗಲೊಲ್ಲದು. ಪಕ್ಕದ ಮನೆಯವರು ಸದ್ದು ಕೇಳಿ ಓಡಿಬಂದು ಆಸ್ಪತ್ರೆಗೆ ಹೊತ್ತೊಯ್ದರು. ಪಕ್ಕೆಲುಬುಗಳು ಮುರಿದಿದ್ದವು. ಇನ್ನೊಂಚೂರು ಮೇಲೆ ಬಡಿದಿದ್ದರೆ ಜೀವವೇ ಹೋಗುತ್ತಿತ್ತು ಎಂದರು ವೈದ್ಯರು.

ಸುದ್ದಿ ತಿಳಿದ ಹೆಂಡತಿ ಉಟ್ಟ ಸೀರೆಯಲ್ಲೇ ಓಡಿಬಂದಳು. ಅವನ ತಲೆ ಎತ್ತಿ ಹಿಡಿದು ಚಮಚದಲ್ಲಿ ಗಂಜಿ ಕುಡಿಸತೊಡಗಿದಳು. ಬಡಗಿಗೆ ನೋವಿಗಿಂತ ದಿಗಿಲು ದೊಡ್ಡದಾಗಿತ್ತು. ನಂಬಿದ ಮಿಷಿನ್ನು ತನ್ನ ಮೇಲೇ ಬಿದ್ದದ್ದು ಅವನಿಗೆ ಅರ್ಥವೇ ಆಗಿರಲಿಲ್ಲ.

"ಆ ಸಾವ್ಕಾರ ಮೋಸ ಮಾಡ್ದ ಕಣೇ. ಇಷ್ಟು ದಿನ ನೆಟ್ಟಗಿದ್ದ ಮಿಷಿನ್ನು, ಅದ್ಹೆಂಗೆ ತಿರುಗಿಬಿತ್ತು?"

"ಆಚೆ ಕಡೆ ಯಾರು ಹಿಡ್ಕೊಂಡಿದ್ರು ರೀ?"

"ಯಾರೂ ಇರ್ಲಿಲ್ಲ. ಯಾವತ್ತು ಯಾರಿದ್ರು?"

ಗಂಜಿಯ ಚಮಚ ಅವನ ಬಾಯಿಯ ಹತ್ತಿರ ಬಂದು ನಿಂತಿತು. ಚಮಚ ಏಕೆ ನಿಂತಿತೆಂದು ಬಡಗಿ ಕಣ್ಣು ಹೊರಳಿಸಿದ. ಆಗ ಅವಳ ಮುಂಗೈ ಕಂಡಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಕಪ್ಪುಗಟ್ಟಿದ ಬಾಸುಂಡೆಗಳು, ಒಂದರ ಮೇಲೊಂದು, ಹಳೆಯವೂ ಹೊಸವೂ. ಎಲ್ಲ ಹಾಳೆಯ ಅಂಚು ಕೂತ ಜಾಗ. ಅದೇ ಕೈ ದಿನವೂ ಅವನಿಗೆ ಅನ್ನ ಬಡಿಸಿತ್ತು. ಅವನು ಅನ್ನ ನೋಡಿದ್ದ, ಕೈ ನೋಡಿರಲಿಲ್ಲ. ಈಗತಾನೇ ತಾನು ಯಾರ ಮುಂದೆ ಏನು ಹೇಳಿದೆ ಎಂಬುದು ಬಡಗಿಗೆ ಹೊಳೆಯಿತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲೂ ಆಗದೆ ಬಾಯಿ ಬಿಟ್ಟುಕೊಂಡೇ ಮಲಗಿದ. ಅವಳು ಆ ಬಾಯಿಗೆ ಗಂಜಿ ಹಾಕಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಚಿದಂಬರನಿಗೆ ಕೇಳಿದ್ದನ್ನು ನಂಬಲು ಆಗಲಿಲ್ಲ. ಮೈ ಉರಿದುಹೋಯಿತು. "ಯಾವತ್ತು ಯಾರಿದ್ದರು ಅಂತ ಅವಳನ್ನೇ ಕೇಳಿದನೇ? ಎಂಥ ಮನುಷ್ಯ ಗುರುಗಳೇ ಅವನು! ದಿನಾ ಕಣ್ಣೆದುರಿಗೆ ನಿಂತವಳು ಕಾಣಲೇ ಇಲ್ಲವೇ?" ಎಂದು ಒದರಿದ.

ಗುರುಗಳು ಎದ್ದು, ಹೆಗಲ ಮೇಲಿನ ಶಲ್ಯವನ್ನು ಸರಿಮಾಡಿಕೊಂಡು ಕೇಳಿದರು:

"ದಿನಾ ನೀನು ಉಂಡು ಎದ್ದ ಮೇಲೆ ನಿನ್ನ ಎಂಜಲೆಲೆ ಎತ್ತುವವರ ಹೆಸರೇನಪ್ಪಾ?"